ಕೆರೆಯಾಚೆಯಿಂದ ಓಗೊಟ್ಟ ಮೋಟರು

"ಕೆಂಪು ಬಂತು! ಮೌನೀ, ಕೆಂಪು ಬಂತು ಕಣಮ್ಮಿ!"

ನಾಗರತ್ನ ಮಾಳಿಗೆಯ ಮೇಲೆ ಕುಣಿದ ಕುಣಿತಕ್ಕೆ ಒಣಗಲು ಹರವಿದ್ದ ಸಂಡಿಗೆಯಲ್ಲಿ ಒಂದು ಸಾಲು ಪುಡಿಪುಡಿಯಾಯಿತು. ಮೌನಿಕಾ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತು, ತೆಂಗಿನಷ್ಟೆತ್ತರದ ಬಿದಿರ ಗಳವೊಂದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಗಳದ ತುದಿಯಲ್ಲಿ ಕಿರುಬೆರಳಿನಷ್ಟು ದಪ್ಪದ ಕಪ್ಪು ಆಂಟೆನಾ. ಅದರ ವೈರು ಗಳದ ಮೈಗುಂಟ ಇಳಿದು ಚಿಕ್ಕಮ್ಮ ನಾಗರತ್ನಳ ಕೈಯಲ್ಲಿದ್ದ, ಬೋರಿನ ಮೋಟರು ಹಾಕುವ ಬಟನ್ ಡಬ್ಬಿಗೆ ಸೇರಿತ್ತು. ಕಡಲೆಕಾಯಿಗೆ ಗೊಬ್ಬರ ಹಾಕಿ ನೀರು ಬಿಡಬೇಕಾದ ಹೊತ್ತಿಗೆ ಸರಿಯಾಗಿ ಡಬ್ಬಿ ಮುಷ್ಕರ ಹೂಡಿದೆ, ಬಂದು ನೋಡು ಅಂತ ಚಿಕ್ಕಪ್ಪ ಬೆಳಗ್ಗೆಯೇ ಹೇಳಿಕಳಿಸಿದ್ದ. ಭಾನುವಾರದ ರಜೆಗೆಂದು ಹಿಂದೂಪುರದಿಂದ ಬಂದಿದ್ದ ಹುಡುಗಿ ಟೀ ಕುಡಿದ ಲೋಟ ಕೆಳಗಿಡುವಷ್ಟರಲ್ಲಿ ಟ್ಯಾಂಕು ಹತ್ತಿದ್ದಳು.

"ಬಂತಾ? ನಾನೇಳಿರ್ಲಿಲ್ವಾ ಚಿಕ್ಕಮ್ಮ, ಸಿಗ್ನಲ್ ಆ ದಿಣ್ಣೆ ತಲೆ ಮ್ಯಾಲಿಂದ ಹೋಗ್ಬೇಕು ಅಂತ!" ಎಂದು ಮೌನಿಕಾ ಅಲ್ಲಿಂದಲೇ ಕೂಗಿದಳು.

ಗಾಳಿ ಚೆನ್ನಾಗಿತ್ತು. ಅಷ್ಟೆತ್ತರದಿಂದ ನೋಡಿದರೆ ಇಡೀ ಊರು ಮೊರದಲ್ಲಿ ಹರವಿಟ್ಟ ಹಾಗೆ ಕಾಣುತ್ತಿತ್ತು. ಮೂಡಲ ದಿಣ್ಣೆಯ ಹಿಂದೆ ಚಿಕ್ಕಪ್ಪ ಸಂಜೀವಪ್ಪನ ಕಡಲೆಕಾಯಿ ಹೊಲ. ಪಡುವಲಿಗೆ ಕೆರೆ. ಕೆರೆಯ ಆಚೆ ದಡದಲ್ಲಿ, ಗುಡ್ಡದ ಕಾಲಡಿಯಲ್ಲಿ, ಅವಳ ಅಪ್ಪ ಮುದ್ದಪ್ಪನ ರೇಷ್ಮೆ ಸೊಪ್ಪಿನ ತೋಟ, ಅದರ ನಡುವೆ ಛತ್ರಿ ಬಿಚ್ಚಿದಂಥ ಹೊಂಗೆಮರ. ಆ ಮರದಡಿಯ ಕಲ್ಲುಕಂಬದ ಮೇಲೆ ಅಪ್ಪನ ಬೋರಿನ ಸ್ಟಾರ್ಟರ್ ಡಬ್ಬಿ. ಹದ್ದಿಗಾದರೆ ಒಂದು ರೆಕ್ಕೆ ಬಡಿತ. ಮನುಷ್ಯರಿಗೆ ಮಾತ್ರ ಕೆರೆ ಸುತ್ತಿ, ಏರಿ ದಾಟಿ, ಹಳ್ಳಕ್ಕಿಳಿದು ಹೋಗುವ ಹಾದಿ.

ಆ ಹಾದಿಯ ಕಾಟಕ್ಕೇ ಮೌನಿಕಾ ಈ ಡಬ್ಬಿಗಳನ್ನು ಮಾಡಿದ್ದು. ಗುಡ್ಡದ ಮರೆಯಲ್ಲಿ ಫೋನಿಗೆ ಸಿಗ್ನಲ್ಲಿನ ಒಂದು ಗೆರೆಯೂ ಬರುವುದಿಲ್ಲ, ಹಾಗಾಗಿ ಪೇಟೆಯಲ್ಲಿ ಮಾರುವ ಮೊಬೈಲ್ ಸ್ಟಾರ್ಟರು ಅಲ್ಲಿ ಕಲ್ಲಿಗೆ ಸಮ. ಅವಳು ಡಿಪ್ಲೊಮಾ ಓದಿದವಳು, ಕಾರ್ಖಾನೆಯಲ್ಲಿ ದಿನವೂ ಬೋರ್ಡುಗಳಿಗೆ ಬೆಸುಗೆ ಹಾಕುವವಳು. ಹೋದ ಬೇಸಿಗೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ರೇಡಿಯೋ ಮಾಡ್ಯೂಲು ತರಿಸಿ, ಒಂದೊಂದಕ್ಕೂ ಒಂದೊಂದು ಮೈಕ್ರೋಕಂಟ್ರೋಲರ್ ಜೋಡಿಸಿದಳು. ಒಂದು ಡಬ್ಬಿ ಅಪ್ಪನ ಜೇಬಿಗೆ, ಇನ್ನೊಂದು ತೋಟದ ಸ್ಟಾರ್ಟರಿಗೆ. ಎರಡು ಬಟನಿದ್ದರೆ ಮನೆಯವರು ಗಲಿಬಿಲಿ ಮಾಡಿಕೊಳ್ಳುತ್ತಾರೆಂದು ಒಂದೇ ಇಟ್ಟಳು. ಒತ್ತಿದರೆ ಮೋಟರು ಆನ್, ಮತ್ತೆ ಒತ್ತಿದರೆ ಆಫ್. ತೋಟದ ಡಬ್ಬಿ "ಆನ್ ಆಯ್ತು" ಅಂತ ಉತ್ತರ ಕೊಟ್ಟರೆ ಮಾತ್ರ ಜೇಬಿನ ಡಬ್ಬಿಯಲ್ಲಿ ಕೆಂಪು ದೀಪ. "ಆಫ್ ಆಯ್ತು" ಅಂದರೆ ದೀಪ ಹೋಗುತ್ತದೆ. ಉತ್ತರವೇ ಬಾರದಿದ್ದರೆ ಮಿಣುಕುತ್ತದೆ.

ಏರಿಯ ಮೇಲೆ ನಿಂತು ಬಟನ್ ಒತ್ತಿ, ಗುಡ್ಡದಡಿಯಲ್ಲಿ ನೀರು ಬಿದ್ದ ಸದ್ದು ಕೇಳಿದ ದಿನ ಮುದ್ದಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ಸಂಜೆಯ ಹೊತ್ತಿಗೆ ಆ ಸುದ್ದಿ, ಮುದ್ದಪ್ಪನ ಮಗಳು ಮಾಡಿದ ಡಬ್ಬಿ ಒತ್ತಿದರೆ ಮಡಕಶಿರಾದಲ್ಲಿ ಫ್ಯಾನು ತಿರುಗುತ್ತದೆ ಅನ್ನುವ ಮಟ್ಟಕ್ಕೆ ಬೆಳೆದಿತ್ತು. ತಮ್ಮ ಸಂಜೀವಪ್ಪ ಸುಮ್ಮನಿರುತ್ತಾನೆಯೇ? ಹೊಲ, ಮನೆ, ಒರಳುಕಲ್ಲಿನವರೆಗೆ ಎಲ್ಲ ಪಾಲಾದ ಮೇಲೆ ಅಣ್ಣನಿಗಿರುವುದು ತನಗೂ ಇರಬೇಕು ಅನ್ನುವುದು ಅವನ ನಿಯಮ. ಅವನಿಗೂ ಒಂದು ಜೊತೆ ತಯಾರಾಯಿತು.

"ಚಿಕ್ಕಪ್ಪಾ, ಏನಂತೆ? ಮೋಟ್ರು ಓಡ್ತಾ?" ಮೌನಿಕಾ ಕೇಳಿದಳು.

ಸಂಜೀವಪ್ಪ ದಿಣ್ಣೆಯಾಚೆಯ ಹೊಲದಲ್ಲೇ ಇದ್ದ. ನಾಗರತ್ನಳ ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಅವನ ದನಿ ಸ್ಪೀಕರಿನಿಂದ ಗೊರಗೊರ ಬರುತ್ತಿತ್ತು. "ಎಲ್ಲಮ್ಮಿ ಓಡ್ತು? ಕರೆಂಟು ಈಗ ತಾನೇ ಬಂತು, ಮೂರು ಫೇಸೂ ಐತೆ. ಇದು ಮಾತ್ರ ಮಾವನ ಮನೇಲಿ ಮುನಿಸ್ಕೊಂಡ ಅಳೀನಂಗೆ ಕುಂತೈತೆ."

"ಕೆಂಪು ಬಂದೈತಲ್ರೀ ಇಲ್ಲಿ!" ನಾಗರತ್ನ ಫೋನಿಗೆ ಹೇಳಿದಳು.

"ನಿನ್ ಕೆಂಪು ತಗೊಂಡೋಗಿ ಹಣೇಗಿಟ್ಕೋ. ಇನ್ನೊಂದು ಸಲ ಒತ್ತು."

ನಾಗರತ್ನ ಒತ್ತಿದಳು. ಕೆಂಪು ಹೋಯಿತು. ಮತ್ತೆ ಒತ್ತಿದಳು. ಕೆಂಪು ಬಂತು.

"ಈಗ?"

"ಊಹೂಂ. ಇರು, ಡಬ್ಬಿ ಬಿಚ್ಚಿ ನೋಡ್ತೀನಿ." ಫೋನಿನಲ್ಲಿ ಸ್ಕ್ರೂ ತಿರುಗಿಸುವ ಸದ್ದು, ಆಮೇಲೆ ಸಂಜೀವಪ್ಪನ ಬೈಗುಳ. "ಥೂ ಇದ್ರ! ಒಳ್ಗೆಲ್ಲ ಕೆಂಜುಗ ಇರುವೆ! ಗೂಡು ಕಟ್ಟಿ ಮಣ್ಣು ತುಂಬವೆ ಕಣಮ್ಮಿ. ನಿನ್ ರೇಡಿಯೋ ಪಟ್ಟಿ ಕಿತ್ಕೊಂಡು ನೇತಾಡ್ತಾ ಐತೆ. ಒಂದು ವೈರೂ ನೆಟ್ಟಗಿಲ್ಲ. ಇದು ಸತ್ತು ವಾರ ಆಗಿರ್ಬೇಕು."

ಮೌನಿಕಾ ನಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

ಚಿಕ್ಕಪ್ಪನ ಡಬ್ಬಿ ಸತ್ತಿದೆ. ಸತ್ತ ಡಬ್ಬಿ ಉತ್ತರ ಕೊಡುವುದಿಲ್ಲ. ಉತ್ತರವಿಲ್ಲದೆ ಕೆಂಪು ದೀಪ ಬರುವುದಿಲ್ಲ, ಅದನ್ನು ಹಾಗೆ ಬರೆದವಳು ಅವಳೇ. ಹಾಗಾದರೆ ಈ ಗಾಳಿಯಲ್ಲಿ "ಆನ್ ಆಯ್ತು" ಅಂದವರು ಯಾರು?

ಅವಳ ತಲೆ ತಾನಾಗಿ ಪಡುವಲಿಗೆ ತಿರುಗಿತು. ಕೆರೆಯ ನೀರಿನಾಚೆ, ಹುಣಸೆ ತೋಪಿನ ತಲೆಯ ಮೇಲಿಂದ, ಹೊಂಗೆಮರ ನಿಚ್ಚಳವಾಗಿ ಕಾಣುತ್ತಿತ್ತು.

ಒಂದು ಜೊತೆ ಡಬ್ಬಿಯ ಮಾತನ್ನು ಇನ್ನೊಂದು ಜೊತೆ ಕೇಳಿಸಿಕೊಳ್ಳಬಾರದು ಅಂತ ಪ್ರತಿ ಜೊತೆಗೂ ಐದಕ್ಷರದ ಒಂದು ವಿಳಾಸ ಕೊಡಬೇಕಾಗುತ್ತದೆ. ಅಪ್ಪನ ಡಬ್ಬಿಗೆ ಏನು ಕೊಡಲಿ ಅಂದಾಗ ಮುದ್ದಪ್ಪ ಯೋಚನೆಯನ್ನೇ ಮಾಡಲಿಲ್ಲ. "ಮನೆದೇವ್ರ ಹೆಸರು ಬಿಟ್ಟು ಇನ್ಯಾರ್ದು ಇಡ್ತೀಯ?" ಅಂದ. ಓಬುಳ. ಇಂಗ್ಲಿಷಿನಲ್ಲಿ ಸರಿಯಾಗಿ ಐದಕ್ಷರ, ದೇವರೇ ಅಳತೆ ಕೊಟ್ಟು ಹೊಲಿಸಿಕೊಂಡ ಹಾಗೆ ಕೂತಿತು. ಚಿಕ್ಕಪ್ಪನ ಜೊತೆಗೆ ಬೇರೆ ಹೆಸರು ಹಾಕುತ್ತೇನೆ ಅಂದಾಗ ಸಂಜೀವಪ್ಪ ಮುಖ ಊದಿಸಿಕೊಂಡ. "ಹೊಲ ಪಾಲಾಗೈತೆ, ದೇವ್ರು ಪಾಲಾಗಿಲ್ಲ. ಓಬುಳಸ್ವಾಮಿ ನಿಮ್ಮಪ್ಪಂಗೊಬ್ಬಂಗೇನಾ? ನಂದಕ್ಕೂ ಅದೇ ಹಾಕು. ಬೇರೆ ಹಾಕಿದ್ರೆ ನನ್ನ ಬೋರು ಬತ್ತೋದ್ರೆ ನೀನೇ ಜವಾಬ್ದಾರಿ!" ಎರಡು ತೋಟಗಳ ನಡುವೆ ಕೆರೆ, ಏರಿ, ಹುಣಸೆ ತೋಪು. ಮನೆಯೊಳಗೆ ಗೂಟಕ್ಕೆ ನೇತುಬಿದ್ದ ಮೋಟು ಆಂಟೆನಾದ ಮಾತು ಎಲ್ಲಿ ಅಷ್ಟು ದೂರ ಹೋದೀತು ಅಂತ ಮೌನಿಕಾ ಅದನ್ನೇ ಹಾಕಿಕೊಟ್ಟಿದ್ದಳು.

ಇವತ್ತು ಅದೇ ಮಾತನ್ನು ಅವಳೇ ಬಿದಿರಿಗೆ ಕಟ್ಟಿ ಆಕಾಶಕ್ಕೆ ಎತ್ತಿ ಹಿಡಿದಿದ್ದಾಳೆ.

ಅಪ್ಪ ಈಗ ಆ ಹೊಂಗೆಮರದಡಿ ಇದ್ದಾನೆ. ಬೋರಿನ ಕೇಬಲ್ಲನ್ನು ಇಲಿ ಕಡಿದಿದೆ, ಇವತ್ತು ಜಾಯಿಂಟ್ ಹಾಕಬೇಕು ಅಂತ ಎದ್ದು ಹೋಗಿದ್ದಾನೆ. ವೈರು ಸುಲಿಯುವ ಹೊಸ ಕಟ್ಟರು ತಂದಿದ್ದೀನಿ ತಗೊಂಡು ಹೋಗಪ್ಪಾ ಅಂದರೆ ನಕ್ಕು ಹಲ್ಲು ತೋರಿಸಿದ. "ಓಬುಳಸ್ವಾಮಿ ಕೊಟ್ಟ ಕಟ್ಟರು ಇಲ್ಲೇ ಐತೆ, ಸಾಣೆಗೂ ಕೊಡೋಂಗಿಲ್ಲ."

ಮುದ್ದಪ್ಪನ ಹಲ್ಲೆಂದರೆ ಸುತ್ತೇಳು ಹಳ್ಳಿಗೂ ಗೊತ್ತು. ತೆಂಗಿನಕಾಯಿ ಸುಲಿದ ಹಲ್ಲು. ಸೋಡಾ ಬಾಟಲಿ ಬಿಚ್ಚಿದ ಹಲ್ಲು. ಅಮರಾಪುರದ ಸಂತೆಯಲ್ಲಿ ಹಗ್ಗ ಕಿತ್ತುಕೊಂಡು ಓಡಿದ ಟಗರನ್ನು, ಎರಡೂ ಕೈಯಲ್ಲಿ ಸಾಮಾನಿದ್ದ ಕಾರಣ, ಹಗ್ಗ ಕಚ್ಚಿಯೇ ನಿಲ್ಲಿಸಿದ ಹಲ್ಲು ಅಂತ ಹೇಳುವವರಿದ್ದಾರೆ. ಟಗರು ಮುದ್ದಪ್ಪನನ್ನು ಎಳೆದುಕೊಂಡು ಹೋಯಿತು ಅನ್ನುವವರೂ ಇದ್ದಾರೆ. ಆ ಹಲ್ಲಲ್ಲಿ ಅವನು ಕೇಬಲ್ಲಿನ ಕೆಂಪು, ಹಳದಿ, ನೀಲಿ ಸಿಪ್ಪೆಯನ್ನು ಕಬ್ಬಿನಂತೆ ಸಿಗಿದು ಉಗಿಯುತ್ತಾನೆ.

ಮೊದಲೆಲ್ಲ ವೈರು ಮುಟ್ಟುವ ಮುಂಚೆ ಅವನದೊಂದು ಕ್ರಮವಿತ್ತು. ಸ್ಟಾರ್ಟರಿನ ಪಕ್ಕದ ಮೂರು ಪಿಂಗಾಣಿ ಫ್ಯೂಸುಗಳನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಜೇಬಿನಲ್ಲಿ ಫ್ಯೂಸಿದ್ದರೆ ಲೈನು ಸತ್ತಂತೆ. ಮಗಳ ಡಬ್ಬಿ ಬಂದ ಮೇಲೆ ಆ ಕ್ರಮ ಬಿಟ್ಟ. "ಈಗ ಮೋಟ್ರಿನ ಪ್ರಾಣ ಈ ಡಬ್ಬೀಲೈತೆ. ಡಬ್ಬಿ ನನ್ನ ಜೇಬಲ್ಲೈತೆ. ನಾನು ಒತ್ದೆ ಯಾರು ಒತ್ತಾರು?" ಅನ್ನುತ್ತಿದ್ದ. ಮಗಳು ಆ ಮಾತಿಗೆ ಹಿಗ್ಗಿ ನಕ್ಕಿದ್ದಳು.

"ಚಿಕ್ಕಮ್ಮ, ಕೊಡಿಲ್ಲಿ! ಒತ್ಬೇಡ, ಕೊಡಿಲ್ಲಿ!"

ಮೌನಿಕಾ ಟ್ಯಾಂಕಿನಿಂದ ಹಾರಿದಳು. ಕೈಬಿಟ್ಟ ಗಳ ವಾಲುತ್ತ ವಾಲುತ್ತ ಬೀಳುತ್ತಿದ್ದಾಗಲೇ ಡಬ್ಬಿ ಕಸಿದು ಬಟನ್ ಒತ್ತಿದಳು. ಕೆಂಪು ಆರಬೇಕಿತ್ತು. ಗಳ ಮಾಳಿಗೆಯಂಚಿಗೆ ಬಡಿದು, ತುದಿಯ ಆಂಟೆನಾ ಕಡ್ಡಿಯಂತೆ ಮುರಿದು ಬೀದಿಗೆ ಹಾರಿತು. ದೀಪ ಆರಲೂ ಇಲ್ಲ, ಉರಿಯಲೂ ಇಲ್ಲ. ಮಿಣುಕತೊಡಗಿತು.

ಮಾತು ಹೋಗಿ ಮುಟ್ಟಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೇ? ಅಥವಾ ಮಾತೇ ಹೋಗಲಿಲ್ಲವೇ? ಮೋಟರು ಈಗ ಆಫ್ ಆಗಿದೆಯೋ, ಆನ್ ಇದೆಯೋ? ಮತ್ತೊಮ್ಮೆ ಒತ್ತಿದರೆ ಅಪ್ಪನನ್ನು ಉಳಿಸಿದಂತೋ, ಕೊಂದಂತೋ? ಎರಡು ಬಟನ್ ಇಟ್ಟಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಅವಳ ಹೆಬ್ಬೆರಳು ಬಟನ್ನಿನ ಮೇಲೆ ನಿಂತೇ ಇತ್ತು. ಕೊನೆಗೆ ಅವಳು ಡಬ್ಬಿಯ ಬೆನ್ನು ಕಿತ್ತು ಸೆಲ್ಲುಗಳನ್ನು ಹೊರತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಯಾಕಮ್ಮಿ, ಏನಾಯ್ತು? ಮುಖ ಯಾಕಂಗೆ ಬಿಳೀಚ್ಕೊಂಡೈತೆ? ಸಂಡಿಗೆ ಹೋದ್ರೋಯ್ತು ಬಿಡು, ನಾನೇನೂ ಅನ್ನಲ್ಲ!"

ಫೋನು ಮಾಡಿದರೂ ಗುಡ್ಡದ ಮರೆಯಲ್ಲಿರುವ ಅಪ್ಪನಿಗೆ ಅದು ಮುಟ್ಟುವುದಿಲ್ಲ. ಏಣಿ ಇಳಿದಳೋ ಬಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಸ್ಕೂಟಿಯ ಕೀಲಿ ತೂತಿಗೆ ಹೋಗಲು ಒಪ್ಪಲಿಲ್ಲ, ಎರಡು ಸಲ ಮಣ್ಣಿಗೆ ಬಿತ್ತು. ಹಿಂದಿನಿಂದ ಫೋನಿನಲ್ಲಿ ಸಂಜೀವಪ್ಪ ಇನ್ನೂ ಕೆಂಜುಗಗಳ ವಂಶವನ್ನೇ ಬೈಯುತ್ತಿದ್ದ.

ಕೆರೆ ಏರಿಯ ಮೇಲೆ ಗಾಡಿ ಓಡಿಸುವುದೆಂದರೆ ಸಾಮಾನ್ಯ ದಿನಗಳಲ್ಲೂ ದೇವರ ನೆನಪು ತರುವ ಕೆಲಸ. ಒಂದು ಕಡೆ ನೀರು, ಇನ್ನೊಂದು ಕಡೆ ಜಾಲಿ, ನಡುವೆ ಕಲ್ಲು. ಇವತ್ತು ಅವಳಿಗೆ ಕಲ್ಲೂ ಕಾಣಲಿಲ್ಲ, ಜಾಲಿಯೂ ಕಾಣಲಿಲ್ಲ. ಎಡಗೈ ಮುಷ್ಟಿಯಲ್ಲಿ ಸೆಲ್ಲುಗಳು ಒತ್ತುತ್ತಿದ್ದವು. ನೀರಿನಾಚೆ ಹೊಂಗೆಮರ ಅಷ್ಟು ಹತ್ತಿರದಲ್ಲಿ ಕಾಣುತ್ತಿತ್ತು, ಹಾದಿ ಮಾತ್ರ ಬೇಕೆಂದೇ ಬಾಗಿ ಬಾಗಿ ದೂರ ಹೋಗುತ್ತಿತ್ತು. ಆಗಬೇಕಾದ್ದು ಮೊದಲನೇ ಕೆಂಪಿಗೇ ಆಗಿಹೋಗಿರುತ್ತದೆ, ಈಗ ಓಡುತ್ತಿರುವುದು ನೋಡುವುದಕ್ಕೆ ಮಾತ್ರ ಅನ್ನುವ ಯೋಚನೆ ಬಂದಾಗ ಕೈ ಸಡಿಲಾಗಿ ಗಾಡಿ ನೀರಿನ ಕಡೆಗೆ ವಾಲಿತು.

ತೂಬಿನ ಹತ್ತಿರ ಎದುರಿಗೆ ಅವಳ ಅಮ್ಮ ಬೊಮ್ಮಕ್ಕ ನಡೆದು ಬರುತ್ತಿದ್ದಳು. ಗಂಡನಿಗೆ ಬುತ್ತಿ ಕೊಟ್ಟು ಬರಿಗೈ ಬೀಸಿಕೊಂಡು, ದಾರಿಯಲ್ಲಿ ಕಿತ್ತ ಹೊನಗೊನೆ ಸೊಪ್ಪನ್ನು ಮಡಿಲಿಗೆ ತುಂಬಿಕೊಂಡು, ಬಹಳ ನೆಮ್ಮದಿಯಲ್ಲಿದ್ದಳು.

"ಅಮ್ಮಾ! ಅಪ್ಪ ಎಂಗವ್ನೆ?"

"ಎಂಗಿರ್ತಾನೆ, ಇದ್ದಂಗೇ ಅವ್ನೆ. ಉಣ್ಣು ಅಂದ್ರೆ ಜಾಯಿಂಟು ಮುಗಿಸಿ ಉಣ್ತೀನಿ ಅಂದ. ಅಂದ ಅಂದ್ರೆ ಎಲ್ಲಂದ, ಬಾಯ್ತುಂಬ ವೈರಿಟ್ಕೊಂಡು ಕೋಣನಂಗೆ ತಲೆ ಆಡಿಸ್ದ."

"ಎಷ್ಟೊತ್ತಾಯ್ತು?"

"ಅಲ್ಲಿಂದ ಇಲ್ಲೀಗಂಟ ನಡ್ಕಂಡು ಬಂದಷ್ಟೊತ್ತು. ನನ್ ಕಾಲಿಗೇನು ಮೀಟ್ರು ಕಟ್ಟಿದಿಯಾ? ಯಾಕಂಗೆ ಬೆವರ್ತಾ ಇದೀಯ?"

"ಹತ್ತು."

"ಈಗ ತಾನೇ ಅಲ್ಲಿಂದ..."

"ಹತ್ತಮ್ಮಾ!"

ಬೊಮ್ಮಕ್ಕ ಸೊಪ್ಪಿನ ಸಮೇತ ಹಿಂದೆ ಹತ್ತಿ ಕೂತಳು. ಕೂತ ಮೇಲೆ ಬಾಯಿ ಶುರುವಾಯಿತು. ಪಕ್ಕದ ಮನೆ ಆಶಾರಾಣಿಯ ಕೋಳಿ ಟೀವಿಯ ಹಿಂದೆ ಮೊಟ್ಟೆ ಇಡುತ್ತಿದೆಯಂತೆ, ಸೀರಿಯಲ್ ಮುಗಿಯುವ ತನಕ ಏಳುವುದೇ ಇಲ್ಲವಂತೆ. "ನಿಜ ಕಣೆ, ನಾನೇ ನೋಡಿದೀನಿ, ಅಡ್ವಟೈಸ್ ಬಂದ್ರೆ ಎದ್ದು ನೀರು ಕುಡೀತೈತೆ." ಗಾಡಿ ಕಲ್ಲಿಗೆ ಹಾರಿದಾಗೊಮ್ಮೆ ಮಗಳ ಸೊಂಟ ಹಿಡಿದುಕೊಂಡು, ಮತ್ತೆ ಮಾತು. "ನಿಮ್ಮಪ್ಪಂಗೆ ಹೇಳು ಕಣೆ ನೀನಾದ್ರೂ, ಆ ವೈರು ಕಚ್ಚೋದು ಬಿಡು ಅಂತ. ಒಂದು ಹಲ್ಲು ಉದುರಿದ್ರೆ ಊರೋರೆಲ್ಲ ಸೇರಿ ಆ ಹಲ್ಲಿಗೆ ತಿಥಿ ಮಾಡ್ತಾರೆ."

"ಅಮ್ಮಾ, ಸುಮ್ನಿರು."

"ಯಾಕೆ?"

"ಸುಮ್ನಿರಮ್ಮ. ನಿನ್ ಕಾಲಿಗ್ ಬೀಳ್ತೀನಿ."

ಬೊಮ್ಮಕ್ಕ ಆ ದನಿಯನ್ನು ಮಗಳ ಬಾಯಲ್ಲಿ ಎಂದೂ ಕೇಳಿರಲಿಲ್ಲ.  ಮಗಳ ಬೆನ್ನಿಗೆ ತನ್ನ ಅಂಗೈ ಇಟ್ಟಳು. ಬೆನ್ನು ಒದ್ದೆಯಾಗಿತ್ತು, ಒಳಗೆ ಎದೆ ಹೊಡೆದುಕೊಳ್ಳುವುದು ಅಂಗೈಗೆ ತಾಗುತ್ತಿತ್ತು. ಏನಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ, ಆದರೂ ಅವಳ ಹೆದರಿಕೆಯೂ ಶುರುವಾಯಿತು. ಮಡಿಲಿನ ಸೊಪ್ಪು ಒಂದೊಂದೇ ಕಡ್ಡಿ ಹಾದಿಯ ಮೇಲೆ ಉದುರುತ್ತ ಹೋಯಿತು. ಅವಳು ಹಿಡಿದುಕೊಳ್ಳಲಿಲ್ಲ.

ಹಳ್ಳ ಹತ್ತಿ ತೋಟದ ಬೇಲಿ ಮುಟ್ಟುವಾಗ ಮೊದಲು ಕೇಳಿಸಿದ್ದು ನೀರು. ದಪ್ಪ ಪೈಪಿನಿಂದ ಸಿಮೆಂಟ್ ತೊಟ್ಟಿಗೆ ಧೋ ಎಂದು ಬೀಳುವ ನೀರು. ಆಮೇಲೆ ಸ್ಟಾರ್ಟರಿನ ಗುಂಯ್ ಸದ್ದು. ಮೋಟರು ಓಡುತ್ತಿತ್ತು. ಅವಳ ಕೊನೆಯ ಮಾತು ಬಂದು ಮುಟ್ಟಿರಲಿಲ್ಲ.

"ಅಪ್ಪಾ!"

 ಸೊಪ್ಪಿನ ಸಾಲುಗಳ ನಡುವೆ ನುಗ್ಗಿ ಹೊಂಗೆಮರದ ಕಡೆ ಓಡಿದಳು. ಬುತ್ತಿಯ ಪಾತ್ರೆ ಬೇರಿನ ಮೇಲೆ ಮುಚ್ಚಿದ ಹಾಗೇ ಇತ್ತು. ಅದರ ಪಕ್ಕ ಟವೆಲು. ಅದರಾಚೆ, ಸ್ಟಾರ್ಟರ್ ಕಂಬದ ಬುಡದಲ್ಲಿ, ಮುದ್ದಪ್ಪ ಬೋರಲು ಬಿದ್ದಿದ್ದ. ಮುಖ ಮಣ್ಣಿನಲ್ಲಿ. ಎರಡೂ ಕೈ ತಲೆಯ ಮುಂದಕ್ಕೆ ಚಾಚಿಕೊಂಡಿದ್ದವು. ಕಾಲು ನೆಟ್ಟಗೆ. ಅಲುಗಾಟವಿಲ್ಲ.

 ಮುಟ್ಟಬಾರದು, ಮೊದಲು ಲೈನು ತೆಗೆಯಬೇಕು, ಒಣಕಟ್ಟಿಗೆಯಲ್ಲಿ ತಳ್ಳಬೇಕು ಅಂತ ಓದಿದ್ದೆಲ್ಲ ತಲೆಯಲ್ಲಿತ್ತು, ಕಾಲು ಮಾತ್ರ ಅದಾವುದನ್ನೂ ಕೇಳಿಸಿಕೊಳ್ಳದೆ ಅವನ ಕಡೆಗೇ ಓಡುತ್ತಿತ್ತು. ಹಿಂದೆ ಬೊಮ್ಮಕ್ಕ ನಿಂತಲ್ಲೇ ಕುಸಿದು ಕೂತಳು.

ಬೋರಲು ಬಿದ್ದ ಮುದ್ದಪ್ಪ ಕತ್ತು ಹೊರಳಿಸಿ ಒಂದು ಕಣ್ಣು ತೆರೆದ.

"ಚಪ್ಪಲಿ ಬಿಟ್ಟು ಬಾರಮ್ಮಿ!" ಎಂದು ಗದರಿದ. "ದೇವ್ರಿರೋ ಜಾಗ!"

ಮೌನಿಕಾ ನಿಂತಲ್ಲೇ ಮಂಡಿಯೂರಿದಳು.

ಮುದ್ದಪ್ಪ ಎದ್ದ. ಹಣೆಯಲ್ಲಿ ಮಣ್ಣು, ಮೂಗಿನ ತುದಿಯಲ್ಲಿ ಮಣ್ಣು, ಮುಖದಲ್ಲಿ ಮಾತ್ರ ಹೊಸ ಮದುಮಗನ ಕಳೆ. "ಬಂದಿದ್ದು ಒಳ್ಳೇದಾಯ್ತು. ಲೇ ಬೊಮ್ಮೀ, ಅಲ್ಯಾಕೆ ಕುಂತೆ, ಬಾ ಇಲ್ಲಿ! ಹಿಂಗಾಯ್ತು ನೋಡು. ಕೊನೇ ಜಾಯಿಂಟಿಗೆ ಟೇಪು ಸುತ್ತಿ, ಹಲ್ಲಲ್ಲಿ ಕಡಿದೆ. ಬಾಯೆಲ್ಲ ಪ್ಲಾಸ್ಟಿಕ್ ವಾಸ್ನೆ. ಮುಕ್ಕಳ್ಸಾಣ ಅಂತ ಎದ್ದು ತೊಟ್ಟಿ ತಾವ ಹೋದೆ. ಒಂದು ಬೊಗಸೆ ನೀರು ಬಾಯಿಗಾಕಿದೀನಿ, ಹಿಂದ್ಗಡೆಯಿಂದ ಢಬ್ ಅಂತು! ಮೋಟ್ರು ಆನ್! ಮೈಯೆಲ್ಲ ಜುಮ್ ಅಂತು. ಯಾರ್ಲಾ ಅದು ಅಂತ ತಿರುಗಿದೆ, ನರಪಿಳ್ಳೆ ಇಲ್ಲ. ನೋಡ್ತಿದ್ದಂಗೆ ಆಫ್! ಮತ್ತೆ ಆನ್! ಡಬ್ಬಿ ನೋಡಿದ್ರೆ ನನ್ನ ಜೇಬಲ್ಲೇ ಬೆಚ್ಚಗೆ ಕುಂತೈತೆ!" ಅವನು ಅಂಗಿ ಜೇಬು ತಟ್ಟಿ ತೋರಿಸಿದ. "ಇನ್ಯಾರು ಒತ್ತಾರು ಹೇಳು? ಹೆಸ್ರು ಇಟ್ಟಿದ್ದಕ್ಕೆ ಸಾರ್ಥಕ ಆಯ್ತು. ಜಾಯಿಂಟ್ ಮುಗೀತಿದ್ದಂಗೆ ಓಬುಳಸ್ವಾಮಿ ತಾನೇ ಬಂದು ಮೋಟ್ರು ಹಾಕ್ದ! ಲೈನ್‌ಮ್ಯಾನ್ ಕರೆದ್ರೆ ಮೂರು ದಿನಕ್ಕೆ ಬತ್ತಾನೆ, ದೇವ್ರು ನೋಡು, ಕರೀದೇ ಬಂದ!"

ಬೊಮ್ಮಕ್ಕ ಎದ್ದು ಬಂದು ಗಂಡನ ತೋಳು, ಭುಜ, ಕೆನ್ನೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಸ್ಟಾರ್ಟರಿನ ಕಡೆ ತಿರುಗಿ ಕೈಮುಗಿದಳು. "ನಮ್ಮಪ್ಪಾ ತಂದೇ, ಎರಡು ಕಾಯಿ ಒಡೆಸ್ತೀನಿ."

"ಎರಡಲ್ಲ, ಐದು! ಮೌನೀ, ಇನ್ಮ್ಯಾಲೆ ಈ ಡಬ್ಬಿಗೆ ದಿನಾ ಊದಿನಕಡ್ಡಿ. ಫ್ಯೂಸು ಗೀಸು ಕೀಳೋದೆಲ್ಲ ಯಾಕೆ ಬೇಕು? ನಾನು ವೈರು ಬಿಟ್ಟು ಎದ್ದೋಗೋಗಂಟ ಕಾದಿದ್ದು, ಆಮ್ಯಾಲೆ ಹಾಕವ್ನೆ. ಎಷ್ಟು ನಿಗಾ ನೋಡು ನನ್ಮ್ಯಾಲೆ!"

ಮೌನಿಕಾ ಅಪ್ಪನ ಮುಖ ನೋಡಿದಳು. ಅಷ್ಟು ಸಂತೋಷ ಅವನ ಮುಖದಲ್ಲಿ ಅವಳು ಕಂಡದ್ದು ಕಡಿಮೆ. ಸುಮ್ಮನಿದ್ದುಬಿಡಬಹುದಿತ್ತು. ಸಂಜೆಯೊಳಗೆ ಅದು ಊರಿನ ಕಥೆಯಾಗುತ್ತಿತ್ತು, ಓಬುಳಸ್ವಾಮಿಗೆ ಇನ್ನೊಂದಿಷ್ಟು ಕಾಯಿ ಒಡೆಯುತ್ತಿದ್ದವು. ಮುಂದಿನ ಸಲ ಇಲಿ ಕೇಬಲ್ಲು ಕಡಿದಾಗ ಅಪ್ಪ ಇದೇ ನಂಬಿಕೆಯಲ್ಲಿ ವೈರಿಗೆ ಬಾಯಿ ಹಾಕುತ್ತಿದ್ದ. ಅವಳು ಎಡಗೈ ಮುಷ್ಟಿ ಬಿಚ್ಚಿದಳು. ಸೆಲ್ಲುಗಳ ಅಚ್ಚು ಅಂಗೈಯಲ್ಲಿ ಕೆಂಪಗೆ ಮೂಡಿತ್ತು.

"ಅಪ್ಪಾ, ಅದು ದೇವ್ರಲ್ಲ. ಚಿಕ್ಕಮ್ಮ."

"ಯಾರು?"

"ನಾಗರತ್ನ ಚಿಕ್ಕಮ್ಮ. ಮಾಳಿಗೆ ಮ್ಯಾಲಿಂದ ಒತ್ತಿದ್ಲು. ಎರಡು ಡಬ್ಬಿಗೂ ಒಂದೇ ಹೆಸ್ರು ಇಟ್ಟಿದ್ನಲ್ಲ... ಅವರ ಡಬ್ಬಿ ಸತ್ತೋಗಿತ್ತು. ಆಂಟೆನಾ ನಾನೇ ಮ್ಯಾಕೆತ್ತಿದ್ದೆ. ಅವರು ಒತ್ತಿದ್ದಕ್ಕೆ ಇದು ಓಗೊಡ್ತು."

ಮುದ್ದಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಗೀನಾ? ಮಿಕ್ಸಿ ಹಾಕೋಕೇ ಹೆದ್ರುತಾಳೆ ಅವ್ಳು! ಕೇಳಿದ್ಯಾ ಬೊಮ್ಮೀ, ನಿನ್ನ ವಾರಗಿತ್ತಿ ಕೆರೆ ಆಚೆ ನಿಂತ್ಕೊಂಡು ನನ್ನ ಮೋಟ್ರು..."

ನಗು ಅಲ್ಲಿಗೇ ನಿಂತಿತು.

ಅವನ ಕಣ್ಣು ಸ್ಟಾರ್ಟರ್ ಡಬ್ಬಿಯಿಂದ ಹೊರಟು ಕೇಬಲ್ಲಿನ ಗುಂಟ ಮೆಲ್ಲಗೆ ನಡೆಯಿತು. ಟೇಪು ಸುತ್ತಿದ ಜಾಯಿಂಟಿನ ಹತ್ತಿರ ಬಂದು ನಿಂತಿತು. ಅಲ್ಲಿ ಧೂಳಿನಲ್ಲಿ ಅವನು ಕುಕ್ಕರುಗಾಲಲ್ಲಿ ಕೂತಿದ್ದ ಗುರುತಿತ್ತು. ಸುತ್ತ ಹಲ್ಲಿನ ಗಾಯವಿದ್ದ ಕೆಂಪು, ಹಳದಿ, ನೀಲಿ ಸಿಪ್ಪೆಯ ಚೂರುಗಳು ಉದುರಿದ್ದವು. ಅಲ್ಲಿಂದ ತೊಟ್ಟಿಯವರೆಗೆ ಅವನದೇ ಹೆಜ್ಜೆಗಳು. ಬಹಳ ಹೆಜ್ಜೆಗಳೇನಲ್ಲ.

ಅವನ ಕೆನ್ನೆಯೊಳಗೆ ನಾಲಿಗೆ ಏನನ್ನೋ ಹುಡುಕಿತು. ಬೆರಳು ಹಾಕಿ ದವಡೆಯ ಸಂದಿಯಿಂದ ಒಂದು ಕೆಂಪು ಚೂರು ತೆಗೆದ. ಅಂಗೈ ಮೇಲಿಟ್ಟುಕೊಂಡು ನೋಡಿದ. ಬೊಮ್ಮಕ್ಕನೂ ನೋಡಿದಳು. ತೊಟ್ಟಿಗೆ ನೀರು ಧೋ ಎಂದು ಬೀಳುತ್ತಲೇ ಇತ್ತು.

ಯಾರೂ ಯಾರನ್ನೂ ಬೈಯಲಿಲ್ಲ. ಮುದ್ದಪ್ಪ ಸ್ಟಾರ್ಟರಿನ ಹತ್ತಿರ ಹೋಗಿ ಆಫ್ ಮಾಡಿದ. ನೀರು ಸಣ್ಣಗಾಗಿ, ಎಳೆಯಾಗಿ, ಹನಿಯಾಗಿ ನಿಂತಿತು. ಪಕ್ಕದ ಮೂರು ಪಿಂಗಾಣಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ಜೇಬಿನಲ್ಲಿದ್ದ ಬಟನ್ ಡಬ್ಬಿಯನ್ನು ತೆಗೆದು ಮಗಳ ಕೈಗೆ ಕೊಟ್ಟು, ಅದಿದ್ದ ಜಾಗಕ್ಕೆ ಫ್ಯೂಸುಗಳನ್ನು ಹಾಕಿಕೊಂಡ.

"ಏಳಮ್ಮಿ, ಮಣ್ಣಲ್ಲಿ ಕುಂತ್ಕೋಬ್ಯಾಡ," ಅಂದ. "ಇದ್ರ ಹೆಸ್ರು ಬದಲಾಯ್ಸಿ ತಗೊಂಬಾ. ಎರಡು ಬಟನ್ ಇಡು."

"ಏನು ಹೆಸ್ರು ಇಡ್ಲಪ್ಪ?"

ಅವನು ಬೇರಿನ ಮೇಲಿದ್ದ ಟವೆಲು ತೆಗೆದು ಹಣೆಯ ಮಣ್ಣು ಒರೆಸಿಕೊಂಡ.

ಬೊಮ್ಮಕ್ಕ ಬುತ್ತಿಯ ಮುಚ್ಚಳ ತೆಗೆದು ಮುದ್ದೆ, ಸಾರು ಮುಂದಿಟ್ಟಳು. ಮೂವರೂ ಮರದಡಿ ಕೂತರು. ಮುದ್ದಪ್ಪ ಕೈ ತೊಳೆದು, ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟುಕೊಂಡ. ಎಂದಿನಂತೆ ನುಂಗಿದ. ಮುಖ ಎಂದಿನಂತೆಯೇ ಇತ್ತು.

"ಉಪ್ಪು ಕಡ್ಮೆ ಆಗೈತೆ ಕಣೇ," ಅಂದ.

 ಮೋಟರು ನಿಂತ ಮೇಲೆ ತೋಟದಲ್ಲಿ ಎಲೆಯ ಸದ್ದೂ ಇರಲಿಲ್ಲ. ಆ ನಿಶ್ಶಬ್ದದಲ್ಲಿ, ಅಲುಗಾಡದೆ ಕೂತು ಉಣ್ಣುತ್ತಿದ್ದ ಮುದ್ದಪ್ಪನ ಅಂಗಿ ಜೇಬಿನೊಳಗೆ ಪಿಂಗಾಣಿ ಫ್ಯೂಸುಗಳು ಒಂದಕ್ಕೊಂದು ತಾಗಿ ಕಿಟಿಕಿಟಿ ಅನ್ನುತ್ತಿದ್ದವು. ಎಷ್ಟು ಹೊತ್ತಾದರೂ ಆ ಸದ್ದು ನಿಲ್ಲಲಿಲ್ಲ.